ಹಳ್ಳದ ದಂಡೆಯಲ್ಲಿ ಕಾಡು ಬೆಳೆಸೋಣ ಅಂದರೆ ಎಲ್ಲರೂ ಹೂಂ ಅಂತಾರೆ, ಜಾಗ ಬಿಡೋಕೆ ಮಾತ್ರ ಯಾರೂ ಬರಲ್ಲ. ಯಾಕೆ?

ಮೈಸೂರಿನಲ್ಲಿ ಕೆಲಸದಲ್ಲಿರುವ ಓದುಗರೊಬ್ಬರು ಈ ಪ್ರಶ್ನೆ ಕಳಿಸಿದ್ದಾರೆ. ಸರಗೂರು ತಾಲ್ಲೂಕಿನ ಅವರ ಊರಲ್ಲಿ ಅಪ್ಪನ ಕಾಲದ ಐದು ಎಕರೆ ಖುಷ್ಕಿ (ಮಳೆಯನ್ನೇ ನಂಬಿದ) ಜಮೀನಿದೆ, ಪಕ್ಕದಲ್ಲೇ ಒಂದು ಹಳ್ಳ. ಹಿಂದೆ ಆ ಹಳ್ಳದ ಎರಡೂ ದಂಡೆಯಲ್ಲಿ ಹೊಂಗೆ, ಮತ್ತಿ, ನೇರಳೆ ತುಂಬಿದ್ದವಂತೆ. ಈಗ ಲಂಟಾನ ಅನ್ನುವ ಕಳೆಪೊದೆ ಬಿಟ್ಟರೆ ಏನೂ ಇಲ್ಲ. ಇವರು ಮತ್ತು ಇವರ ಗೆಳೆಯರು ಹಳ್ಳಕ್ಕೆ ತಾಗಿದ ಹನ್ನೊಂದು ಕುಟುಂಬಗಳನ್ನು ಕರೆದು ಮಾತಾಡಿದರು. ಗಿಡ ನಾವೇ ತರುತ್ತೇವೆ, ಗುಂಡಿ ನಾವೇ ತೆಗೆಸುತ್ತೇವೆ, ದಂಡೆಯಿಂದ ಮೂವತ್ತು ಅಡಿ ಜಾಗ ಬಿಟ್ಟುಕೊಡಿ ಸಾಕು ಅಂದರು. ಹನ್ನೊಂದು ಜನವೂ ತಲೆಯಾಡಿಸಿದರು. ಕೊನೆಗೆ ಬಂದವರು ಇಬ್ಬರು, ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬರು ಬೆಂಗಳೂರಿನಲ್ಲಿ ಇರುವವರು. 'ಅರಿವು ಮೂಡಿಸುವ ಕೆಲಸ ಇನ್ನೂ ಮಾಡಬೇಕಾ, ಇಲ್ಲಾ ದುಡ್ಡು ಕೊಟ್ಟರೆ ಬರುತ್ತಾರಾ?' ಅನ್ನುವುದು ಪ್ರಶ್ನೆ.

ನೇರವಾಗಿ ಹೇಳಿಬಿಡುತ್ತೇನೆ. ಅರಿವಿನ ಕೊರತೆ ಇಲ್ಲ. ದುಡ್ಡು ಬೇಕು, ಆದರೆ ಅದು ಎರಡನೇ ಮಾತು. ಮೊದಲನೇ ಮಾತು, ಗಿಡ ನೆಟ್ಟ ಮೇಲೂ ಈ ಜಾಗ ನನ್ನ ಕೈಯಲ್ಲೇ ಇರುತ್ತಾ ಅನ್ನುವುದು. ನಿಮ್ಮ ಸಭೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಕೇಳಿರಲಿಕ್ಕಿಲ್ಲ. ಊಟ ಹಾಕಿ ಕರೆದವರ ಮುಂದೆ ಹಾಗೆಲ್ಲ ಕೇಳುವುದು ನಮ್ಮ ಕಡೆ ಮರ್ಯಾದೆ ಅಲ್ಲ. ಹೂಂ ಅಂದು ಎದ್ದು ಹೋಗುತ್ತಾರೆ, ಅಷ್ಟೇ.

ನಮ್ಮ ರೈತರಿಗೆ ಮರ ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾಗಮಂಗಲದಿಂದ ಹೆಗ್ಗಡದೇವನಕೋಟೆವರೆಗೆ ಯಾವುದೇ ಖುಷ್ಕಿ ಹೊಲದ ಬದು ನೋಡಿ. ಒಂದು ಹೊಂಗೆ, ಒಂದು ಬೇವು, ಮೂಲೆಯಲ್ಲಿ ಅಜ್ಜನ ಕಾಲದ ಹುಣಸೆ ಇದ್ದೇ ಇರುತ್ತದೆ. ಅವನ್ನು ಯಾವ ಯೋಜನೆಯೂ ನೆಡಿಸಲಿಲ್ಲ. ಸೌದೆ, ಸೊಪ್ಪು, ನೆರಳು, ಹುಣಸೆಹಣ್ಣಿನ ಕಾಸು, ಎಲ್ಲ ಲೆಕ್ಕ ಹಾಕಿಯೇ ಉಳಿಸಿಕೊಂಡಿದ್ದಾರೆ. ಮರದ ಮೇಲೆ ತಮ್ಮ ಮಾತು ನಡೆಯುವ ಕಡೆ ಜನ ಮರ ಬೆಳೆಸುತ್ತಾರೆ. ನಡೆಯದ ಕಡೆ ಸಸಿಯಲ್ಲೇ ಕಿತ್ತು ಹಾಕುತ್ತಾರೆ.

ಇದಕ್ಕೆ ಮೈಸೂರಿಗಿಂತ ಒಳ್ಳೆಯ ಸಾಕ್ಷಿ ಬೇರೆ ಕಡೆ ಸಿಗಲ್ಲ. ಶ್ರೀಗಂಧವನ್ನೇ ತೆಗೆದುಕೊಳ್ಳಿ. ಟಿಪ್ಪು ಸುಲ್ತಾನರ ಕಾಲದಲ್ಲಿ, 1792ರಲ್ಲಿ, ಅದು ರಾಜವೃಕ್ಷವಾಯಿತು. ಒಡೆಯರ ಆಳ್ವಿಕೆ ಬಂತು, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂತು, ಆಮೇಲೆ ರಾಜ್ಯ ಸರ್ಕಾರ ಬಂತು, ಗಂಧದ ಮರ ಮಾತ್ರ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದೇ ಆಗಿತ್ತು. ಹೊಲದ ಯಜಮಾನನಿಗೆ ಸಿಕ್ಕಿದ್ದು ಕಾಯುವ ತಾಪತ್ರಯ, ಕಳುವಾದರೆ ವಿಚಾರಣೆಯ ಭಯ. ಹಕ್ಕಿ ಬೀಜ ಹಾಕಿ ಬೇಲಿಯಲ್ಲಿ ತಾನಾಗಿ ಎದ್ದ ಸಸಿಯನ್ನು ಬೆರಳುದ್ದ ಇರುವಾಗಲೇ ಕಿತ್ತು ಎಸೆಯುವುದು ಎಷ್ಟೋ ಹಳ್ಳಿಗಳಲ್ಲಿ ರೂಢಿಯಾಗಿತ್ತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದು, ಜಮೀನು ಯಾರದೋ ಮರವೂ ಅವರದೇ ಅಂತಾಯಿತು. ಆಮೇಲೆ ನೋಡಿ, ಅದೇ ರೈತರು ಗಂಧದ ಸಸಿ ಹುಡುಕಿಕೊಂಡು ನರ್ಸರಿಗೆ ಹೋದರು. ಮಣ್ಣು ಅದೇ, ಮಳೆ ಅದೇ, ಜನವೂ ಅದೇ. ಬದಲಾಗಿದ್ದು ಮರ ಯಾರದು ಅನ್ನುವುದೊಂದೇ. ಕಡಿಯಲು, ಸಾಗಿಸಲು ಇವತ್ತಿಗೂ ಅನುಮತಿ ಬೇಕು, ಕಳ್ಳರ ಕಾಟ ಬೇರೆ, ಆದರೂ ನೆಡುತ್ತಿದ್ದಾರೆ.

ಇನ್ನೊಂದು ಸಾಕ್ಷಿ ನಿಮ್ಮ ಊರಿನ ದಾರಿಯಲ್ಲೇ ನಿಂತಿದೆ. ಸರ್ವೆ ತೋಪು, ಸಿಲ್ವರ್ ಓಕ್, ಹಳೆಯ ನೀಲಗಿರಿ. ಇವೇ ಯಾಕೆ ಅಷ್ಟೊಂದು? ಬೇಗ ಬೆಳೆಯುತ್ತವೆ ಅನ್ನುವುದು ಅರ್ಧ ಉತ್ತರ. ಇನ್ನರ್ಧ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿದೆ. ಸ್ವಂತ ಜಮೀನಿನ ಮರ ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು ಅನ್ನುವ ಕಾಯ್ದೆ ಅದು. ಆದರೆ ಸರ್ವೆ, ಸಿಲ್ವರ್ ಓಕ್, ನೀಲಗಿರಿ, ಸುಬಾಬುಲ್, ಗ್ಲಿರಿಸಿಡಿಯಾದಂಥ ಕೆಲವಕ್ಕೆ ವಿನಾಯಿತಿ ಇತ್ತು. ತೇಗ, ಬೀಟೆಯಂಥವಕ್ಕೆ ಇರಲಿಲ್ಲ. ರೈತ ಯಾವುದನ್ನು ನೆಟ್ಟಾನು, ನೀವೇ ಹೇಳಿ. ಕಾಡು ಉಳಿಸಲು ಮಾಡಿದ ಕಾಯ್ದೆಯೇ ನಮ್ಮ ನಾಡಿನ ಮರಗಳನ್ನು ಹೊಲದಿಂದ ದೂರ ಇಟ್ಟಿತು ಅಂತ ನಾನು ತುಂಬ ಸಂಕಟದಿಂದ ಹೇಳುತ್ತೇನೆ. ವಿನಾಯಿತಿ ಪಟ್ಟಿಯನ್ನು ಆಮೇಲೆ ದೊಡ್ಡದು ಮಾಡಿದ್ದಾರೆ, 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಲ್ಲಿಸಿದ್ದಾರೆ. ಆದರೆ ಒಮ್ಮೆ ಕೂತ ಭಯ ಆದೇಶ ಬಂದ ಕೂಡಲೇ ಹೋಗಲ್ಲ. ನಾಗಮಂಗಲ ಕಡೆಯ ಹಿರಿಯರೊಬ್ಬರು ನನಗೆ ಹೇಳಿದ ಮಾತು ಇವತ್ತಿಗೂ ನೆನಪಿದೆ: 'ತೇಗ ನೆಡದೇನು ದೊಡ್ಡದಲ್ಲ ಕಣ್ ಸಾರ್. ನಾಳೆ ಮಗಳ ಮದ್ವೆಗೆ ಕಡೀಬೇಕು ಅಂದ್ರೆ ಯಾರ್ ಹಿಂದೆ ಅಲೀಲಿ?'

ನಿಮ್ಮ ಊರು ಕಾಡಂಚಿನಲ್ಲಿರುವುದರಿಂದ ಈ ಭಯಕ್ಕೆ ಇನ್ನೊಂದು ಮಗ್ಗುಲಿದೆ. ಗಿಡ ಬೆಳೆದು ಕಾಡಿನ ಥರ ಆದರೆ ನಾಳೆ ಇಲಾಖೆಯವರು ಇದೂ ಕಾಡೇ ಅಂತ ಬಂದುಬಿಟ್ಟರೆ? 1996ರಲ್ಲಿ ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ, ಒಡೆತನ ಯಾರದೇ ಇರಲಿ, ಕಾಡಿನಂತಿರುವುದು ಕಾಡೇ ಅಂತ ಹೇಳಿತು. ಆಮೇಲೆ ನಮ್ಮ ರಾಜ್ಯದಲ್ಲಿ 'ಪರಿಭಾವಿತ ಅರಣ್ಯ' (ಡೀಮ್ಡ್ ಫಾರೆಸ್ಟ್, ದಾಖಲೆಯಲ್ಲಿ ಕಾಡಲ್ಲದಿದ್ದರೂ ಕಾಡೆಂದು ಪರಿಗಣಿಸಿದ ಜಾಗ) ಅಂತ ಪಟ್ಟಿ ತಯಾರಾಯಿತು, ಅದರ ಮೇಲೆ ವರ್ಷಗಟ್ಟಲೆ ಜಗಳ ನಡೆಯಿತು, 2022ರಲ್ಲಿ ಅದನ್ನು ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿದರು. ಹಳ್ಳಿಯ ಕಟ್ಟೆಗೆ ಬರುವಷ್ಟರಲ್ಲಿ ಇದೆಲ್ಲ ಒಂದೇ ಸಾಲಾಗಿರುತ್ತದೆ, ಮರ ಬೆಳೆಸಿದರೆ ಜಮೀನು ಹೋಗುತ್ತೆ ಅಂತ. ಹೊಲದಲ್ಲಿ ಗಿಡ ನೆಟ್ಟ ಮಾತ್ರಕ್ಕೆ ಪಹಣಿಯಲ್ಲಿ ಮಾಲೀಕರ ಹೆಸರು ಬದಲಾಗಲ್ಲ. ಆದರೆ ಇದನ್ನು ನೀವು ಬಾಯಲ್ಲಿ ಹೇಳಿದರೆ ಸಾಲದು. ನೆಟ್ಟ ಗಿಡಗಳನ್ನು ಪಹಣಿಯ ಮರಗಳ ಕಾಲಂನಲ್ಲಿ ಬರೆಸಿ. ಇಂಥ ವರ್ಷ ನಾನೇ ನೆಟ್ಟಿದ್ದು ಅನ್ನುವುದಕ್ಕೆ ಕಾಗದ ಇದ್ದರೆ ರೈತನಿಗೆ ಬರುವ ಧೈರ್ಯವೇ ಬೇರೆ. ಮುಂದೆ ಕಡಿಯಲು ಅರ್ಜಿ ಹಾಕುವಾಗಲೂ ಅದೇ ಕೈಹಿಡಿಯುತ್ತದೆ.

ಈಗ ನಿಮ್ಮ ಜೊತೆ ಬಂದ ಇಬ್ಬರ ವಿಷಯ. ಮೇಷ್ಟ್ರಿಗೆ ಪಿಂಚಣಿ ಇದೆ, ಇನ್ನೊಬ್ಬರಿಗೆ ಸಂಬಳ. ಅವರು ಉಳಿದ ಒಂಬತ್ತು ಜನರಿಗಿಂತ ಪರಿಸರಪ್ರೇಮಿಗಳು ಅಂತ ತೀರ್ಮಾನ ಮಾಡಬೇಡಿ. ಹೊಲದ ಬೆಳೆಯನ್ನೇ ನಂಬಿ ಅವರ ಮನೆಯ ಒಲೆ ಉರಿಯಲ್ಲ, ಅಷ್ಟೇ ವ್ಯತ್ಯಾಸ. ಪ್ರಪಂಚದ ಬೇರೆ ಕಡೆಯೂ ಹೀಗೇ ಆಗಿದೆ. ಕೋಸ್ಟರಿಕಾ ದೇಶ 1996ರಲ್ಲಿ ಒಂದು ಅರಣ್ಯ ಕಾಯ್ದೆ ತಂದು, ಖಾಸಗಿ ಜಮೀನಿನಲ್ಲಿ ಕಾಡು ಉಳಿಸಿದವರಿಗೂ ಬೆಳೆಸಿದವರಿಗೂ ಸರ್ಕಾರದಿಂದಲೇ ದುಡ್ಡು ಕೊಡಲು ಶುರು ಮಾಡಿತು, ಅದಕ್ಕೆ ಇಂಧನದ ಮೇಲಿನ ತೆರಿಗೆಯಿಂದ ಹಣ ತೆಗೆದಿಟ್ಟಿತು. ಒಳ್ಳೆಯ ಯೋಜನೆ, ನನಗೆ ಅದರ ಬಗ್ಗೆ ತುಂಬ ಗೌರವ ಇದೆ. ಆದರೆ ಮೊದಲ ವರ್ಷಗಳಲ್ಲಿ ಜಾಸ್ತಿ ಸೇರಿದವರು ದೊಡ್ಡ ಜಮೀನಿನವರು, ಬೇರೆ ಆದಾಯ ಇದ್ದವರು, ಜಮೀನಿನಿಂದ ದೂರ ಇದ್ದವರು. ಅವರಲ್ಲಿ ಎಷ್ಟೋ ಜನ ದುಡ್ಡು ಕೊಡದಿದ್ದರೂ ಕಾಡು ಕಡಿಯುತ್ತಿರಲಿಲ್ಲ ಅಂತ ಆಮೇಲಿನ ಅಧ್ಯಯನಗಳು ಹೇಳಿದವು. ಹಾಗಾಗಿ ಮೊದಲು ಬಂದವರನ್ನು ನೋಡಿ ಯೋಜನೆ ಗೆದ್ದಿತು ಅನ್ನಬೇಡಿ, ಬರದವರನ್ನು ನೋಡಿ ಊರಿನವರು ಸರಿಯಿಲ್ಲ ಅಂತಲೂ ಅನ್ನಬೇಡಿ.

ನೀವು ಕೇಳಿದ್ದು ಎಷ್ಟು ಜಾಗ ಅಂತ ಅವರ ಕಣ್ಣಿನಿಂದ ನೋಡೋಣ. ಹಳ್ಳದ ಗುಂಟ ಒಬ್ಬರ ಜಮೀನು 400 ಅಡಿ ಉದ್ದ ಇದೆ ಅಂದುಕೊಳ್ಳಿ. ಮೂವತ್ತು ಅಡಿ ಅಗಲ ಬಿಟ್ಟರೆ 12,000 ಚದರ ಅಡಿ, ಅಂದರೆ ಹನ್ನೊಂದು ಗುಂಟೆ. ಎರಡು ಎಕರೆ ಇರುವವನಿಗೆ ಅದು ಏಳರಲ್ಲಿ ಒಂದು ಪಾಲು. ಅದೂ ಹಳ್ಳದ ಪಕ್ಕದ, ತೇವ ನಿಲ್ಲುವ, ಊರಲ್ಲೇ ಒಳ್ಳೆಯ ಮಣ್ಣು. ಶುಂಠಿ ಹಾಕಲು ಕೇರಳದವರು ಗುತ್ತಿಗೆಗೆ ಕೇಳಿಕೊಂಡು ಬಂದರೆ ಮೊದಲು ಕೇಳುವುದು ಅಂಥ ಜಾಗವನ್ನೇ. ಆ ದುಡ್ಡು ಒಂದೇ ಸಲ ಕೈಗೆ ಬರುತ್ತದೆ.

ಇತ್ತ ಸರ್ಕಾರದ ಕಡೆಯಿಂದ ಏನಿದೆ? 2011-12ರಿಂದ ನಡೆದು ಬಂದಿರುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ಇಲಾಖೆಯ ನರ್ಸರಿಯಿಂದ ಕಡಿಮೆ ದರದಲ್ಲಿ ಸಸಿ ತಂದು ನೆಡಬೇಕು. ಬದುಕಿದ ಒಂದೊಂದು ಗಿಡಕ್ಕೂ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ. ಹೆಕ್ಟೇರಿಗೆ 400 ಗಿಡದ ಮಿತಿ, ಅಂದರೆ ಎಕರೆಗೆ 160. ದರ ಆಗಾಗ ಬದಲಾಗುತ್ತದೆ, ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಈಗಿನದನ್ನು ಕೇಳಿಕೊಳ್ಳಿ. ಈ ಲೆಕ್ಕದಲ್ಲಿ ಹನ್ನೊಂದು ಗುಂಟೆಗೆ 44 ಗಿಡ, ಒಂದೂ ಸಾಯದಿದ್ದರೆ ಮೂರು ವರ್ಷಕ್ಕೆ 5,500 ರೂಪಾಯಿ. ನೆಟ್ಟಿದ್ದಕ್ಕಲ್ಲ, ಉಳಿಸಿದ್ದಕ್ಕೆ ದುಡ್ಡು ಕೊಡುವ ಈ ರೀತಿ ನನಗೆ ಇಷ್ಟ. ನೆಟ್ಟು ಫೋಟೋ ತೆಗೆಸಿಕೊಂಡು ಬಿಡುವ ಚಾಳಿಗೆ ಇದು ಅವಕಾಶ ಕೊಡಲ್ಲ. ಆದರೆ ಇದನ್ನು ತೋರಿಸಿ ಹನ್ನೊಂದು ಗುಂಟೆ ಬಿಡಿ ಅಂದರೆ ಯಾರೂ ಬಿಡಲ್ಲ, ಬಿಡಬೇಕಾಗೂ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಹೊತ್ತ ಕೂಲಿ ಅಂತ ಲೆಕ್ಕ ಹಿಡಿದರೆ ಸರಿಹೋಗುತ್ತದೆ, ಜಮೀನಿನ ಬಾಡಿಗೆ ಅಂತ ಹಿಡಿದರೆ ಆಗಲ್ಲ.

ದುಡ್ಡಿನ ಮಾತಿಗೇ ಸೇರಿದ ಇನ್ನೊಂದು ತೊಡಕು, ಇದನ್ನು ಹೊರಗಿನವರು ಗಮನಿಸುವುದೇ ಇಲ್ಲ. ಹನ್ನೊಂದು ಕುಟುಂಬಗಳಲ್ಲಿ ಎಷ್ಟು ಜನರ ಪಹಣಿ ಅವರವರ ಹೆಸರಲ್ಲೇ ಇದೆ ಅಂತ ಒಮ್ಮೆ ವಿಚಾರಿಸಿ. ನಮ್ಮ ಕಡೆ ತೀರಿಹೋದ ತಾತನ ಹೆಸರಲ್ಲೇ ಖಾತೆ ಇರುವ ಜಮೀನು ಬೇಕಾದಷ್ಟಿದೆ. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿಲ್ಲ, ಅಣ್ಣತಮ್ಮಂದಿರಿಗೆ ಬಾಯಿಮಾತಲ್ಲೇ ಭಾಗವಾಗಿದೆ, ಅಳತೆ ಮಾಡಿಸಿ ಪಾಲು ಬೇರೆ ಮಾಡುವ ಪೋಡಿ ಆಗಿಲ್ಲ. ಅಂಥವರಿಗೆ ಯಾವ ಸಹಾಯಧನವೂ ಸಲೀಸಾಗಿ ಬರಲ್ಲ. ಅದಕ್ಕಿಂತ ದೊಡ್ಡ ವಿಷಯ, ನಾಳೆ ಈ ತುಂಡು ತಮ್ಮನ ಪಾಲಿಗೆ ಹೋದರೆ ಅನ್ನುವ ಯೋಚನೆ ಇರುವಾಗ ಇಪ್ಪತ್ತು ವರ್ಷದ ಮರ ಯಾರು ನೆಡುತ್ತಾರೆ? ಬೇರೆಯವರ ಜಮೀನನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡುತ್ತಿರುವವರ ಕಥೆಯಂತೂ ಹೇಳುವುದೇ ಬೇಡ. ಮರ ನೆಟ್ಟರೆ ಹಕ್ಕು ಕೇಳಿಯಾನು ಅಂತ ಜಮೀನಿನವನಿಗೆ ಭಯ, ನೆಟ್ಟು ನನಗೇನು ಅಂತ ಮಾಡುವವನಿಗೆ. ನಿಮ್ಮ ಗೆಳೆಯರ ಗುಂಪು ಒಂದು ವರ್ಷ ಗಿಡದ ಮಾತೇ ಎತ್ತದೆ ನಾಲ್ಕು ಮನೆಯ ಪೌತಿ ಖಾತೆ ಮಾಡಿಸಿಕೊಟ್ಟರೂ ಅದು ಕಾಡಿನ ಕೆಲಸವೇ ಅಂತ ನಾನು ಹೇಳುತ್ತೇನೆ. ಆ ಮನೆಗಳಲ್ಲಿ ಆಮೇಲೆ ನಿಮ್ಮ ಮಾತು ಕೇಳಿಸಿಕೊಳ್ಳುತ್ತಾರೆ.

ಒಮ್ಮೆ ಸಭೆ ಬಿಟ್ಟು ಅವರ ಜೊತೆ ದಂಡೆಯ ಮೇಲೆ ನಡೆಯಿರಿ. ಹುಣಸೂರು ಕಡೆ ಹೀಗೆ ನಡೆದಾಗ ಒಬ್ಬ ರೈತ ಏನೂ ಮಾತಾಡದೆ ನನ್ನನ್ನು ಒಂದು ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ಮರದಿಂದ ಎಂಟು ಸಾಲಿನವರೆಗೆ ರಾಗಿ ಮೊಣಕಾಲುದ್ದಕ್ಕೇ ನಿಂತಿತ್ತು, ತೆನೆ ಬೆರಳಿನಷ್ಟೂ ಇರಲಿಲ್ಲ. ಆಚೆಗೆ ಸೊಂಟದೆತ್ತರ. ಅವರದೇ ಹೊಲದಲ್ಲಿ ಆದದ್ದನ್ನು ಅವರು ಸಹಿಸಿಕೊಂಡಿದ್ದರು. ತೊಂದರೆ ಇದ್ದದ್ದು ಸಂಜೆಯ ನೆರಳು ಪಕ್ಕದವರ ಹೊಲಕ್ಕೆ ಬೀಳುತ್ತಿದ್ದುದರಲ್ಲಿ. ಅದೇ ವಿಷಯಕ್ಕೆ ಎರಡು ಮನೆಗೂ ಮಾತು ನಿಂತುಹೋಗಿತ್ತು. ಬದುವಿನ ಮರದ ಜಗಳ ಹಳ್ಳಿಯಲ್ಲಿ ಸಣ್ಣದಲ್ಲ. ಹಾಗಾಗಿ ನೀವು ಒಬ್ಬ ರೈತನ ಹತ್ತಿರ ಜಾಗ ಕೇಳುವಾಗ ಅವನ ಪಕ್ಕದವನ ಒಪ್ಪಿಗೆಯನ್ನೂ ಕೇಳುತ್ತಿದ್ದೀರಿ ಅಂತ ತಿಳಿದುಕೊಳ್ಳಿ. ಅಕ್ಕಪಕ್ಕದ ಇಬ್ಬರು ಒಟ್ಟಿಗೆ ಬಂದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಪ್ರಾಣಿಗಳ ಭಯವನ್ನು ದಯವಿಟ್ಟು ಹಗುರವಾಗಿ ನೋಡಬೇಡಿ. ನಿಮ್ಮದು ಬಂಡೀಪುರ, ನಾಗರಹೊಳೆ ಹತ್ತಿರದ ತಾಲ್ಲೂಕು. ಆನೆ, ಹಂದಿ ಬೆಳೆಗೆ ಬರುತ್ತವೆ, ಹುಲಿ ದನ ಹೊಡೆಯುತ್ತದೆ, ಮನುಷ್ಯರೂ ಸತ್ತಿದ್ದಾರೆ. ಹಳ್ಳದ ಗುಂಟ ಪೊದೆ ಬೆಳೆದರೆ ಚಿರತೆ ಮನೆ ಹತ್ತಿರ ಬರುತ್ತೆ ಅಂತ ಒಬ್ಬ ತಾಯಿ ಹೇಳಿದರೆ, ಜೀವವೈವಿಧ್ಯದ ಪಾಠ ಹೇಳಲು ಹೋಗಬೇಡಿ. ಚಿರತೆಗೆ ಕಾಡೇ ಬೇಕು ಅಂತೇನಿಲ್ಲ, ಮಂಡ್ಯ, ತಿ.ನರಸೀಪುರದ ಕಡೆ ಕಬ್ಬಿನ ಗದ್ದೆಯಲ್ಲೇ ಮರಿ ಹಾಕುತ್ತದೆ. ಆದರೆ ಅವರ ಕೇಳಿಕೆ ನ್ಯಾಯವಾದದ್ದು. ಮನೆಗಳ ಹತ್ತಿರದ ಭಾಗದಲ್ಲಿ ಲಂಟಾನ ಪೂರ್ತಿ ತೆಗೆದು, ಕೆಳಗೆ ಕಣ್ಣು ಹಾಯುವ ಹಾಗೆ ಎತ್ತರದ ಮರಗಳನ್ನಷ್ಟೇ ಬೆಳೆಸಿ. ದಟ್ಟವಾಗಿ ಬಿಡುವುದನ್ನು ದೂರದ ತುದಿಗೆ ಇಟ್ಟುಕೊಳ್ಳಿ. ಆನೆ ದಾರಿ ಇರುವ ಕಡೆ ಹಲಸು, ಬಿದಿರು ಬೇಡವೇ ಬೇಡ.

ದುಡ್ಡು ಮತ್ತು ಪ್ರೀತಿ ಎರಡೂ ಹೇಗೆ ಸೇರಬಹುದು ಅಂತ ನೋಡಬೇಕಾದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಅಲ್ಲಿ ಜನರ ಸ್ವಂತ ಮರಗಳ ಮೇಲೆ, ಮನೆ ಹಿತ್ತಲಲ್ಲಿ, ಊರ ನಡುವೆ. ಹಕ್ಕಿ ಕೂತರೆ ಆ ವರ್ಷದ ಹುಣಸೆ ಹೋದ ಹಾಗೆ. ಅದಕ್ಕೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುತ್ತಾ ಬಂದಿದೆ. ಆದರೆ ಅಷ್ಟಕ್ಕೇ ಜನ ಮರ ಉಳಿಸಿಕೊಂಡಿಲ್ಲ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಅನ್ನುವ ನಂಬಿಕೆ ಇದೆ, ಹಿಕ್ಕೆ ಗೊಬ್ಬರವಾಗುತ್ತದೆ, ಬಿದ್ದ ಮರಿಗಳನ್ನು ಸಾಕಿ ಬಿಡಲು ಊರಿನ ಹುಡುಗರದೇ ಹೆಜ್ಜಾರ್ಲೆ ಬಳಗ ಹುಟ್ಟಿಕೊಂಡಿತು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು, ಆದರೂ ಜಮೀನು ಮರ ಎರಡೂ ಜನರದ್ದೇ. ಪರಿಹಾರದ ದುಡ್ಡು ಕೆಲಸ ಮಾಡಿದ್ದು ನಿನ್ನ ನಷ್ಟ ನಮಗೆ ಗೊತ್ತಿದೆ ಅಂತ ತೋರಿಸಿದ್ದರಿಂದ. ಬರೀ ದುಡ್ಡು ಹಿಡಿದುಕೊಂಡು ಹೋದರೆ ದುಡ್ಡು ನಿಂತ ದಿನ ಮರವೂ ಹೋಗುತ್ತದೆ.

ಇನ್ನೊಂದು, ಊರಿನವರ ಮಾತು. ಹೊಲದಲ್ಲಿ ಪೊದೆ ಬೆಳೆದರೆ 'ಜಮೀನು ಪಾಳು ಬುಟ್ಟವ್ನೆ' ಅಂತ ಆಡಿಕೊಳ್ಳುತ್ತಾರೆ. ಉಳುವವನಿಗೆ ಇದಕ್ಕಿಂತ ಅವಮಾನ ಇಲ್ಲ. ಹಳ್ಳದ ದಂಡೆಯಲ್ಲಿ ಎಷ್ಟೋ ಕಡೆ ಗಿಡ ನೆಡುವ ಅಗತ್ಯವೇ ಇಲ್ಲ. ಹಳೆಯ ಬುಡಗಳು ಮಣ್ಣಿನಲ್ಲಿ ಜೀವ ಹಿಡಿದುಕೊಂಡಿರುತ್ತವೆ, ಮೇಕೆ ಮತ್ತು ಬೆಂಕಿಯಿಂದ ಕಾಪಾಡಿದರೆ ದಿಂಡಿಗ, ಮತ್ತಿ, ಹೊಂಗೆ ತಾವಾಗಿ ಚಿಗುರುತ್ತವೆ. ಖರ್ಚೂ ಕಡಿಮೆ. ಆದರೆ ನೋಡುವವರಿಗೆ ಅದು ಪಾಳು. ಅದಕ್ಕೇ ದಾರಿಯ ಕಡೆ ಒಂದು ಸಾಲು ನೆಲ್ಲಿ, ಹುಣಸೆ ನೇರವಾಗಿ ನೆಡಿಸಿ, ಬೇಲಿ ಅಚ್ಚುಕಟ್ಟಾಗಿರಲಿ. ಒಳಗೆ ಕಾಡು ತಾನಾಗಿ ಬರಲಿ. ಹೊಗೆಸೊಪ್ಪು ಬೆಳೆಯುವ ಮನೆಗಳಿದ್ದರೆ ಎಲೆ ಒಣಗಿಸುವ ಬ್ಯಾರನ್‌ಗೆ ಸೌದೆ ಬೇಕೇ ಬೇಕು, ಒಂದು ಕಿಲೋ ಒಣ ಎಲೆಗೆ ನಾಲ್ಕೈದು ಕಿಲೋ ಸೌದೆ ಸುಡುತ್ತದೆ. ಬೇರೆ ಬದುವಿನಲ್ಲಿ ಅವರಿಗೆ ಸರ್ವೆ ಮರ ಹಾಕಿಸಿಕೊಡಿ, ಇಲ್ಲದಿದ್ದರೆ ನಿಮ್ಮ ದಂಡೆಯೇ ಸೌದೆಯಾಗುತ್ತದೆ. ಯಾವ ಗಿಡ ಬೇಕು ಅಂತ ಮನೆಯ ಹೆಂಗಸರನ್ನು ಕೇಳುವುದನ್ನು ಮರೆಯಬೇಡಿ. ಪಹಣಿ ಗಂಡಸರ ಹೆಸರಲ್ಲಿದ್ದರೂ ಸೌದೆ ತರುವವರು, ಹುಣಸೆ ಕುಟ್ಟಿ ಮಾರುವವರು, ಕರು ಕಟ್ಟುವವರು ಅವರೇ. ಅವರಿಗೆ ಬೇಡದ ಗಿಡ ಉಳಿಯಲ್ಲ.

ಹಾಗಾದರೆ ನೀವು ಏನು ಮಾಡಬೇಕು? ಮೂವತ್ತು ಅಡಿ ಕೇಳುವುದನ್ನು ಬಿಡಿ. ಈಗ ಉಳುಮೆಗೆ ಸಿಗದೆ ಲಂಟಾನ ತುಂಬಿರುವ ಹತ್ತು ಹನ್ನೆರಡು ಅಡಿಯಿಂದ ಶುರು ಮಾಡಿ. ಅದಕ್ಕೂ ಮೊದಲು ಜಮೀನಿನ ಸರ್ವೆ ನಕ್ಷೆ ತೆಗೆಸಿ ನೋಡಿ, ಸಾಗುವಳಿಗೆ ಬಾರದ್ದು ಅಂತ ದಾಖಲೆಯಲ್ಲಿ ಬಿಟ್ಟ ಜಾಗಕ್ಕೆ ಖರಾಬು ಅನ್ನುತ್ತಾರೆ, ಹಳ್ಳ ಮತ್ತು ಅದರ ಅಂಚು 'ಬಿ' ಖರಾಬಿನಲ್ಲಿದ್ದರೆ ಅದು ಸಾರ್ವಜನಿಕ ಜಾಗ, ಪಂಚಾಯಿತಿ ಮತ್ತು ಕಂದಾಯದವರ ಜೊತೆ ಮಾತಾಡಿಯೇ ಕೈಹಾಕಬೇಕು. ರೈತರ ಜೊತೆ ಒಂದು ಪುಟದ ಕರಾರು ಕನ್ನಡದಲ್ಲಿ ಬರೆಯಿರಿ. ಜಮೀನು, ಮರ, ಹಣ್ಣು, ಸೊಪ್ಪು ಎಲ್ಲ ಅವರದೇ. ಎರಡು ಬೇಸಿಗೆ ನೀರು ಹಾಕಿಸುವುದು ನಿಮ್ಮ ಜವಾಬ್ದಾರಿ. ಮೂರು ವರ್ಷ ಆದ ಮೇಲೆ ಬೇಡ ಅನಿಸಿದರೆ ಬಿಟ್ಟುಹೋಗುವ ಹಕ್ಕು ಅವರಿಗಿದೆ. ಈ ಕೊನೆಯ ಸಾಲಿಗೆ ನಿಮ್ಮ ಗೆಳೆಯರು ತಕರಾರು ಮಾಡಬಹುದು. ಆದರೆ ಅದೇ ಸಾಲು ಅವರನ್ನು ಒಳಗೆ ಕರೆತರುತ್ತದೆ. ಬಿಡಬಹುದು ಅಂತ ಗೊತ್ತಿದ್ದವರು ಸೇರುತ್ತಾರೆ, ಮೂರು ವರ್ಷ ಆಗಿ ಗಿಡ ಆಳೆತ್ತರ ಬಂದ ಮೇಲೆ ಬಹಳಷ್ಟು ಜನ ಕಡಿಯಲ್ಲ. ನೀರು ಹಾಕುವ ಕೆಲಸವನ್ನು ಅದೇ ಊರಿನವರಿಗೆ ಕೂಲಿ ಕೊಟ್ಟು ಒಪ್ಪಿಸಿ, ಮೈಸೂರಿನಿಂದ ಭಾನುವಾರ ಬಂದು ಮಾಡುವ ಕೆಲಸ ಅಲ್ಲ ಅದು.

ಮೇಷ್ಟ್ರ ಜಮೀನಿನಲ್ಲೇ ಮೊದಲು ಮಾಡಿ, ಆದರೆ ಅವರ ಎಡಬಲದವರಲ್ಲಿ ಒಬ್ಬರಾದರೂ ಬೇಸಾಯವನ್ನೇ ನಂಬಿದವರು ಜೊತೆಗಿರಲಿ. ಊರಿನವರು ನೋಡುವುದು ಅವರನ್ನೇ, ಪಿಂಚಣಿಯವರನ್ನಲ್ಲ. ಮುಂದಿನ ಸಭೆ ಕರೆಯಬೇಡಿ. ರಾಗಿ ಒಕ್ಕಣೆ ಮುಗಿದು ಸಂಕ್ರಾಂತಿ ಕಳೆದ ಮೇಲೆ ಮನೆಮನೆಗೆ ಹೋಗಿ, ಆಗ ಜನರಿಗೆ ಕೂತು ಮಾತಾಡುವ ಬಿಡುವಿರುತ್ತದೆ. ಅದೇ ಹೊತ್ತಿಗೆ ನರ್ಸರಿಯಲ್ಲಿ ಸಸಿಗೆ ಹೆಸರು ಬರೆಸಿ, ಮೇ ತಿಂಗಳ ಮಳೆಗೆ ಗುಂಡಿ ಸಿದ್ಧವಾಗಿರಲಿ, ಜೂನ್, ಜುಲೈನಲ್ಲಿ ನೆಡಿ. ಸರ್ವೆ ನಕ್ಷೆ ಕೈಗೆ ಬಂದಾಗ ಹಳ್ಳ ಯಾವ ಖರಾಬಿನಲ್ಲಿದೆ ಅಂತ ಬರೆದು ತಿಳಿಸಿ, ಯಾವ ಗಿಡ ಎಲ್ಲಿ ಅನ್ನುವುದನ್ನು ಅದನ್ನು ನೋಡಿಕೊಂಡು ಹೇಳುತ್ತೇನೆ.